ಮುನಿಸಿಪಾಲ್ಟಿಗೆ ಕೊಟ್ಟ ಪಡಸಾಲೆ

ಅಪ್ಪ ನಮ್ಮ ಮನೆಯ ಪಡಸಾಲೆಯನ್ನು ಶಿರಾದ ಮುನಿಸಿಪಾಲ್ಟಿಗೆ ಕೊಟ್ಟಾಗ ಅಮ್ಮನನ್ನು ಒಂದು ಮಾತು ಕೇಳಲಿಲ್ಲ. ನನ್ನನ್ನು ಕೇಳಲಿಲ್ಲವೆಂದು ನಾನು ದೂರುವುದಿಲ್ಲ. ಮೂರನೇ ಕ್ಲಾಸಿನ ಹುಡುಗಿಯನ್ನು ಮನೆ ವಿಷಯ ಕೇಳುವವರು ಯಾರು? ಆದರೆ ಆ ಪಡಸಾಲೆಯ ನೆಲವನ್ನು ದಿನಾ ಸಾರಿಸುತ್ತಿದ್ದವಳು ಅಮ್ಮ. ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದವಳೂ ಅಮ್ಮ. ಕೇಳಬೇಕಿತ್ತು. ಇಷ್ಟು ವಯಸ್ಸಾದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಅಪ್ಪ ಕೆಟ್ಟವನೇನಲ್ಲ. ಪಾವಗಡದಲ್ಲಿ ಮೇಷ್ಟ್ರಾಗಿದ್ದ, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೊರಟುಬಿಡುತ್ತಿದ್ದ. ಉಳಿದ ದಿನಗಳಲ್ಲಿ ಆ ಉದ್ದನೆಯ ಮನೆಯಲ್ಲಿ ಇದ್ದವರು ಅಮ್ಮ ಮತ್ತು ನಾನು, ಇಬ್ಬರೇ. ನನಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಗಂಡಸಿಲ್ಲದ ಮನೆಗೆ ಏನು ಕಾವಲು ಎಂಬ ಚಿಂತೆ ಅಪ್ಪನನ್ನು ಪಾವಗಡದಲ್ಲೂ ನಿದ್ದೆಗೆಡಿಸುತ್ತಿತ್ತಂತೆ.

ಅದೇ ಹೊತ್ತಿಗೆ ಊರಿನ ಹುಡುಗರು ಕೆಟ್ಟುಹೋಗುತ್ತಿದ್ದಾರೆ ಎಂಬ ಗುಲ್ಲು ಎದ್ದಿತ್ತು. ಕೋಟೆಯ ಪಾಳುಗೋಡೆಯ ಹಿಂದೆ ಕೂತು ಇಸ್ಪೀಟು ಆಡುತ್ತಾರೆ, ಬೀಡಿ ಸೇದುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಹೋಗಿಬರುವವರನ್ನು ಚುಡಾಯಿಸುತ್ತಾರೆ ಎಂದು ಮುನಿಸಿಪಾಲ್ಟಿಯ ಸಭೆಯಲ್ಲಿ ಮಾತಾಯಿತಂತೆ. ಹುಡುಗರಿಗೆ ಕೂರಲು ಒಂದು ಒಳ್ಳೆ ಜಾಗ, ಆಡಲು ಒಳ್ಳೆ ಆಟ ಕೊಟ್ಟರೆ ದಾರಿಗೆ ಬರುತ್ತಾರೆ ಎಂದವರು ನಮ್ಮ ಬೀದಿಯ ಮೆಂಬರ್ ಚಂದ್ರಣ್ಣನವರು. ಅವರು ಅಪ್ಪನ ಜೊತೆ ಓದಿದವರು. ಜಾಗ ಎಲ್ಲಿ ಎಂದು ಅವರು ತಲೆ ಕೆರೆದುಕೊಳ್ಳುವಾಗ ಅಪ್ಪ, ನಮ್ಮ ಪಡಸಾಲೆ ಇದೆಯಲ್ಲ ಎಂದುಬಿಟ್ಟ. ಸಂಜೆಯೆಲ್ಲ ನಾಲ್ಕು ಜನ ಗಂಡಸರ ದನಿ ಕೇಳಿಸುತ್ತಿದ್ದರೆ ಮನೆಗೆ ಅದೇ ಕಾವಲು ಎಂದು ಅವನ ಲೆಕ್ಕ. ಆ ಶನಿವಾರ ರಾತ್ರಿ ಊಟಕ್ಕೆ ಕೂತಾಗಲೇ ಅಮ್ಮನಿಗೆ ವಿಷಯ ತಿಳಿದದ್ದು. ಹುರುಳಿಕಟ್ಟಿನ ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ನೆ ಅಂದಿಲ್ಲ ದೊಡ್ಡೋರು," ಎಂದಳು.

"ನಿಮ್ಮಿಬ್ರ ಒಳ್ಳೇದುಕ್ಕೆ ಕಣೇ ಮಾಡಿದ್ದು. ಮುನಿಸಿಪಾಲ್ಟಿ ಜವಾನ ಬಾಗ್ಲಲ್ಲೇ ಇರ್ತಾನೆ. ಯಾವ ಕಳ್ಳ ಬತ್ತಾನೆ?"

"ಕಳ್ಳ ಬರಲ್ಲ ಬುಡಿ. ನಾವೇ ಕಳ್ಳರಂಗೆ ಓಡಾಡ್ತೀವಿ, ನಮ್ಮನೇಲಿ."

ಅವಳು ಹೇಳಿದ ಹಾಗೆಯೇ ಆಯಿತು. ಬಾಗಿಲ ಮೇಲೆ 'ಪುರಸಭಾ ಯುವಕರ ವಿನೋದ ಮಂದಿರ' ಎಂಬ ಬೋರ್ಡು ಬಂತು. ಒಳಗೆ ಎರಡು ಬೆಂಚು, ಒಂದು ರೇಡಿಯೋ, ದಿನಪತ್ರಿಕೆ, ಕೇರಂ ಬೋರ್ಡು, ಹಿತ್ತಲಿನ ಪಕ್ಕದ ಖಾಲಿ ಜಾಗದಲ್ಲಿ ಬಾಲ್ ಬ್ಯಾಡ್ಮಿಂಟನ್‌ಗೆ ಎರಡು ಕಂಬ, ಒಂದು ಬಲೆ. ಪಡಸಾಲೆಗೂ ನಡುಮನೆಗೂ ಮಧ್ಯೆ ಇದ್ದ ಬಾಗಿಲಿಗೆ ನಮ್ಮ ಕಡೆಯಿಂದ ಚಿಲಕ. ಸಂಜೆಯಾದರೆ ನಾವು ಹಿತ್ತಲ ಬಾಗಿಲಿನಿಂದ ಹೋಗಿ ಗಲ್ಲಿ ಸುತ್ತಿಕೊಂಡು ಬೀದಿಗೆ ಬರಬೇಕಿತ್ತು. ಅಮ್ಮನ ದನಿ ಇಳಿಯಿತು. ಒಗ್ಗರಣೆ ಹಾಕುವಾಗ ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನಾನು ಒಲೆಯ ಮುಂದೆ ಕೂತು ಪಾಠ ಓದಿಕೊಳ್ಳುವಾಗ ಆ ಕಡೆ ಕೇರಂ ಕಾಯಿ ಒಂದಕ್ಕೊಂದು ಬಡಿದ ಸದ್ದು, ರಾಣಿ ಬಿತ್ತು ರಾಣಿ ಬಿತ್ತು ಎಂಬ ಕೂಗು, ನಗು. ನಾವಿಬ್ಬರೂ ಮುದ್ದೆ ಮುರಿಯುತ್ತ ಅದನ್ನೇ ಕೇಳುತ್ತಿದ್ದೆವು.

ಇನ್ನೊಂದು ನಷ್ಟವಿತ್ತು. ಅದು ಅಪ್ಪನ ಲೆಕ್ಕಕ್ಕೆ ಬರಲೇ ಇಲ್ಲ. ಸಂತೆಯ ದಿನ ಶಿರಾದ ಪ್ರತಿ ಮನೆಗೂ ಹಳ್ಳಿಯ ನೆಂಟರು ಬರುತ್ತಾರೆ. ಬೆಳಗ್ಗೆ ಬಂದವರೇ ಗಂಟುಮೂಟೆ ಇಟ್ಟು ಸಂತೆಗೆ ಹೋಗಿ, ಸಾಯಂಕಾಲ ಬಂದು ಕೈಕಾಲು ತೊಳೆದು, ಉಂಡು, ಬಸ್ಸಿನ ಹೊತ್ತಿನವರೆಗೂ ಕಾಲು ಚಾಚಿ ಕೂತು ಹರಟುತ್ತಾರೆ. ಕರೆಯಬೇಕಾಗಿಲ್ಲ, ಹೇಳಿ ಕಳಿಸಬೇಕಾಗಿಲ್ಲ, ಅದು ರೂಢಿ. ನಮ್ಮ ಮನೆಗೂ ಹುಲಿಕುಂಟೆಯಿಂದ ಸೋದರತ್ತೆ ಬರುತ್ತಿದ್ದಳು, ಜೊತೆಗೆ ಅವಳ ವಾರಗಿತ್ತಿಯರು, ಅವರ ಮಕ್ಕಳು. ಪಡಸಾಲೆಯ ತುಂಬ ಕುಕ್ಕೆಗಳು, ಕಟ್ಟಿಹಾಕಿದ ಕೋಳಿಗಳು, ಕಡ್ಲೆಕಾಯಿ ಸಿಪ್ಪೆ. ಅಮ್ಮ ಆ ದಿನ ಬೈಯುತ್ತಲೇ ಅಡುಗೆ ಮಾಡುತ್ತಿದ್ದಳು. ಆದರೆ ವಾರದಲ್ಲಿ ಅವಳು ಬಾಯಿತುಂಬ ನಗುತ್ತಿದ್ದುದೂ ಆ ಒಂದು ದಿನವೇ. ಪಡಸಾಲೆ ಹೋದ ಮೇಲೆ ಅತ್ತೆ ಒಂದೆರಡು ಸಂತೆಗೆ ಹಿತ್ತಲಿಂದ ಬಂದಳು. ಅವಳ ಗಂಡನಿಗೆ ಹಿಂಬಾಗಿಲಿಂದ ಬರುವುದು ಅವಮಾನವೆನಿಸಿತು. ಮೂಟೆ ಇಡಲೂ ಜಾಗವಿರಲಿಲ್ಲ. ಆಮೇಲೆ ಅವರು ಬೇರೆ ಯಾರದೋ ಮನೆ ಹಿಡಿದರು. ಸಂತೆಯ ದಿನ ಊರಿಗೆ ಊರೇ ಗಿಜಿಗುಡುವಾಗ ನೆಂಟರು ಬಾರದ ಮನೆ ನಮ್ಮದೊಂದೇ ಆಯಿತು. ಅಮ್ಮ ಹಿಟ್ಟನ್ನು ಇಬ್ಬರಿಗೆ ಅಳೆಯುವುದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

ನಾನು ಮಿಡ್ಲ್ ಸ್ಕೂಲಿಗೆ ಬರುವ ಹೊತ್ತಿಗೆ ಕೇರಂ ಹುಚ್ಚು ಹಿಡಿದಿತ್ತು. ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಅಮ್ಮ ಚಾಪೆಯ ಮೇಲೆ ಉರುಳಿದ ಮೇಲೆ ಮೆತ್ತಗೆ ಚಿಲಕ ತೆಗೆದು ಪಡಸಾಲೆಗೆ ಹೋಗುತ್ತಿದ್ದೆ. ಬೀದಿ ಬಾಗಿಲಿಗೆ ಹೊರಗಿನಿಂದ ಬೀಗ, ಕಿಟಕಿ ಮುಚ್ಚಿರುತ್ತಿತ್ತು, ಬೆಳಕಿಂಡಿಯಿಂದ ಬಿಸಿಲು ಬೋರ್ಡಿನ ಮೇಲೆ ಬೀಳುತ್ತಿತ್ತು. ಬಿಳಿ ಕಾಯಿಗೆ ನಾನು, ಕರಿ ಕಾಯಿಗೂ ನಾನೇ. ಈ ಕಡೆ ಕೂತು ಒಂದು ಏಟು ಹೊಡೆದು, ಎದ್ದು ಆ ಕಡೆ ಹೋಗಿ ಕೂತು ಇನ್ನೊಂದು ಏಟು. ಗೆದ್ದವಳೂ ನಾನೇ, ಸೋತವಳೂ ನಾನೇ. ಗೆದ್ದಾಗ ಖುಷಿಯಾಗುತ್ತಿರಲಿಲ್ಲ. ಒಬ್ಬಳಾದರೂ ಎದುರಿಗೆ ಕೂತು, 'ಅನ್ಯಾಯ ಕಣೇ, ಮೊಣಕೈ ಮುಂದೆ ಬಂತು' ಎಂದು ಜಗಳ ಆಡಬಾರದೇ ಎಂದು ಆಸೆಯಾಗುತ್ತಿತ್ತು. ನಾನು ಆಗಲೇ ಊರಿಗೆಲ್ಲ ಜಗಳಗಂಟಿ ಎಂದು ಹೆಸರಾದವಳು. ಜಗಳಕ್ಕೆ ಜನ ಸಿಗದೆ ಒಣಗುತ್ತಿದ್ದೆ.

ಒಂದು ಭಾನುವಾರ ಚಂದ್ರಣ್ಣನವರು ಅಪ್ಪನನ್ನು ನೋಡಲು ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಹುಡುಗರು ಈಗ ಇಸ್ಪೀಟು ಬಿಟ್ಟಿದ್ದಾರೆ, ಮಧುಗಿರಿಯವರೂ ಕೊರಟಗೆರೆಯವರೂ ನಮ್ಮನ್ನು ನೋಡಿ ಕಲಿಯಬೇಕು ಎಂದು ಬೀಗುತ್ತಿದ್ದರು. ನಾನು ಕಾಫಿ ತಂದು ಕೊಟ್ಟವಳು ಅಲ್ಲೇ ನಿಂತೆ.

"ಹುಡುಗ್ರು ಕೆಡಬಾರ್ದು ಅಂತ ಆಟ ಕೊಟ್ರಲ್ಲ ದೊಡ್ಡಪ್ಪ, ಹುಡುಗೀರು ಕೆಟ್ಟ ಮೇಲೇ ನಮಗೆ ಕೊಡೋದಾ?"

ಅಪ್ಪನ ಮುಖ ಕೆಂಪಾಯಿತು. "ಲೇ ಸರೋಜಿ, ಒಳೀಕೆ ಹೋಗು," ಎಂದ. ಚಂದ್ರಣ್ಣನವರು ಮಾತ್ರ ಕಾಫಿ ಚೆಲ್ಲುವ ಹಾಗೆ ನಕ್ಕರು. ಅವರ ಮಗಳು ಗಿರಿಜೆ ನನ್ನ ಕ್ಲಾಸಿನವಳೇ.

"ಮೇಷ್ಟ್ರೇ, ನಿಮ್ಮ ಮಗಳು ಸರಿಯಾಗೇ ಕೇಳವ್ಳೆ ಬುಡಿ. ಮೀಟಿಂಗ್‌ನಾಗೆ ಇಡ್ತೀನಿ," ಎಂದರು.

ಇಟ್ಟರು ಕೂಡ. ವಾರಕ್ಕೆ ಒಂದು ದಿನ, ಶಾಲೆ ಬಿಟ್ಟಾಗಿನಿಂದ ದೀಪ ಹಚ್ಚುವವರೆಗೆ, ಹೆಣ್ಣುಮಕ್ಕಳಿಗೆ. ದೀಪಾವಳಿವರೆಗೂ ನೋಡುವುದು, ಹುಡುಗಿಯರು ಬಂದರೆ ಮುಂದುವರಿಸುವುದು, ಬಾರದಿದ್ದರೆ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಯಾವ ದಿನ ಎಂಬ ಪ್ರಶ್ನೆ ಬಂದಾಗ ಯಾರಿಗೂ ಕಷ್ಟವಾಗಲಿಲ್ಲವಂತೆ. ಸಂತೆಯ ದಿನ ಹುಡುಗರೆಲ್ಲ ಸಂತೆ ಬೀದಿಯಲ್ಲಿ ಅಲೆಯುತ್ತಾರೆ, ಪಡಸಾಲೆ ಖಾಲಿ ಬಿದ್ದಿರುತ್ತದೆ. ಖಾಲಿ ಇರುವ ದಿನ ಕೊಟ್ಟರೆ ಯಾರಿಗೂ ತೊಂದರೆಯಿಲ್ಲ. ಎಲ್ಲರೂ ಒಪ್ಪಿದರು. ನಾನಂತೂ ಕುಣಿದಾಡಿಬಿಟ್ಟೆ. ಗಿರಿಜೆ ಬರುತ್ತೇನೆಂದಳು, ಬಳೆ ಅಂಗಡಿಯವರ ಖುರ್ಷೀದ ಬರುತ್ತೇನೆಂದಳು, ಕ್ಲಾಸಿಗೆ ಕ್ಲಾಸೇ ಬರುತ್ತೇನೆಂದಿತು. ಮೊದಲ ಸಂತೆಯ ದಿನ ತಲೆಗೆ ಎಣ್ಣೆ ಹಾಕಿಸಿಕೊಂಡು, ಜಡೆ ಬಿಗಿದು, ಬೋರ್ಡಿಗೆ ಪುಡಿ ಉದುರಿಸಿ, ಕಾಯಿ ಜೋಡಿಸಿ ಕೂತೆ. ಜವಾನ ಬುಡೇನ್ ಸಾಬರು ಜಗಲಿಯ ಮೇಲೆ ಕೂತು ಬೀದಿ ನೋಡಿದರು. ಬಿಸಿಲು ಇಳಿಯಿತು. ಒಂದು ನರಪಿಳ್ಳೆಯೂ ಬರಲಿಲ್ಲ.

"ಮುಂದಿನ ಸಂತೆಗೆ ಬರ್ತಾರೆ ಬೇಟಿ, ಹೊಸದಲ್ವಾ," ಎಂದರು ಸಾಬರು.

ಮುಂದಿನ ಸಂತೆಗೂ ಅದೇ ಕಥೆ. ಅದರ ಮುಂದಿನದಕ್ಕೆ ನನಗೆ ತಡೆಯಲಾಗಲಿಲ್ಲ, ಖುರ್ಷೀದಳ ಮನೆಗೇ ಓಡಿದೆ. ಅಂಗಳದಲ್ಲಿ ಹಳ್ಳಿಯಿಂದ ಬಂದ ನಾಲ್ಕಾರು ಹೆಂಗಸರು ಕೂತಿದ್ದರು. ಖುರ್ಷೀದ ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ರೊಟ್ಟಿ ಮಗುಚುತ್ತಿದ್ದಳು. ನನ್ನನ್ನು ನೋಡಿದವಳೇ ಸಿಟ್ಟಿಗೆದ್ದಳು.

"ಇವತ್ತು ಹೆಂಗೆ ಬರ್ಲೇ ನಾನು? ಅಮ್ಮಿ ಬಳೆ ಮಾರಕ್ಕೆ ಸಂತೇಲಿ ಕೂತವ್ಳೆ. ನೆಂಟ್ರಿಗೆ ಯಾರು ಇಕ್ಬೇಕು? ಇವನ್ನ ಯಾರು ಎತ್ಕೋಬೇಕು? ನಿಂಗೆ ಗೊತ್ತಾಗಲ್ವಾ?"

ನನಗೆ ಗೊತ್ತಾಗಿರಲಿಲ್ಲ. ಹೇಗೆ ಗೊತ್ತಾಗಬೇಕು? ಶಿರಾದಲ್ಲಿ ಸಂತೆಯ ದಿನ ಮಾಡಲು ಕೆಲಸವಿಲ್ಲದ ಹುಡುಗಿ ನಾನೊಬ್ಬಳೇ. ಆ ಪಡಸಾಲೆ ನಮ್ಮ ನೆಂಟರನ್ನು ಓಡಿಸಿತ್ತು, ಅದಕ್ಕೇ ನಾನು ಬಿಡುವಾಗಿದ್ದೆ. ಉಳಿದ ಹುಡುಗಿಯರೆಲ್ಲ ಅವರವರ ಮನೆಯಲ್ಲಿ ಸಾರು ಕುದಿಸುತ್ತಿದ್ದರು. ದಿನ ಗೊತ್ತುಮಾಡಿದ ಮೆಂಬರುಗಳಿಗೆ ಇದು ಹೊಳೆಯಲಿಲ್ಲ; ಸಂತೆಯ ದಿನ ಅವರು ಕೈತೊಳೆದು ಕೂತರೆ ತಟ್ಟೆ ಮುಂದೆ ಬರುತ್ತಿತ್ತಲ್ಲ. ಶನಿವಾರ ಅಪ್ಪ ಬಂದವನು ಇನ್ನೂ ಕಾಲು ತೊಳೆದಿರಲಿಲ್ಲ, ದಿನ ಬದಲಾಯಿಸಲು ಹೇಳಪ್ಪ ಎಂದು ಗಂಟುಬಿದ್ದೆ.

"ಉಳಿದ ದಿನ ಹುಡುಗ್ರು ಬತ್ತಾರೆ. ಅವ್ರನ್ನ ಎಬ್ಬಿಸಾಕೆ ಆಯ್ತದಾ? ಕೊಟ್ಟಿದ್ದನ್ನ ಉಳಿಸ್ಕೊಳ್ಳಿ ಮೊದ್ಲು."

"ದೇವ್ರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ," ಎಂದಳು ಅಮ್ಮ ಅಡುಗೆಮನೆಯಿಂದ. "ನಮ್ಮನೇಲಿ ದೇವ್ರೂ ಪೂಜಾರೀನೂ ಒಬ್ರೇ."

ಅಪ್ಪ ತೆಲುಗಿನಲ್ಲಿ ಏನೋ ಗೊಣಗಿದ. ಪಾವಗಡದಲ್ಲಿದ್ದು ಅವನಿಗೆ ಆ ಅಭ್ಯಾಸವಾಗಿತ್ತು. ಉತ್ತರ ಹೊಳೆಯದಿದ್ದಾಗ ತೆಲುಗು ಬರುತ್ತಿತ್ತು.

ಒಂದೇ ಒಂದು ಸಲ ಖುರ್ಷೀದ ಬಂದಳು. ನೆಂಟರು ಸಂತೆಯಿಂದ ಬರುವುದು ತಡವಾದ ದಿನ, ತಮ್ಮನನ್ನು ಎತ್ತಿಕೊಂಡೇ ಓಡಿಬಂದಿದ್ದಳು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಕೈಯಲ್ಲಿ ಆಡಿದಳು. ಅವನು ಕರಿ ಕಾಯಿಯೊಂದನ್ನು ಬಾಯಿಗೆ ಹಾಕಿಕೊಂಡ, ಅದನ್ನು ತೆಗೆಯುವ ಹೊತ್ತಿಗೆ ಇಬ್ಬರಿಗೂ ನಗುವೋ ನಗು. ನಾನು ಒರೆಸಿ ಬೋರ್ಡಿನ ಮಧ್ಯಕ್ಕೆ ಇಟ್ಟರೆ, ಅದು ನನ್ನ ಲೆಕ್ಕಕ್ಕೆ ಎಂದಳು. ನಾನು ಆಗಲ್ಲ ಎಂದೆ. ಚೆನ್ನಾಗಿ ಜಗಳವಾಯಿತು. ಎಷ್ಟೋ ಹಬ್ಬಗಳು ನೆನಪಿಲ್ಲ ನನಗೆ, ಆ ಜಗಳ ನೆನಪಿದೆ. ಆದರೆ ಅವಳು ಹೋಗುವಷ್ಟರಲ್ಲಿ ನೆಂಟರು ಬಂದು ಬಾಗಿಲು ಹಾಕಿದ್ದು ನೋಡಿ ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದರಂತೆ. ಬಂದ ನೆಂಟರು ಹೊರಗೆ ಕೂರುವುದೆಂದರೆ ಆ ಮನೆಗೆ ಎಂಥ ಮರ್ಯಾದೆ ಹೋದಂತೆ ಎಂಬುದು ಶಿರಾದವರಿಗೆ ಗೊತ್ತು. ಖುರ್ಷೀದಳಿಗೆ ಏಟು ಬಿತ್ತು. ಮತ್ತೆ ಅವಳು ಬರಲಿಲ್ಲ, ನಾನು ಕರೆಯಲೂ ಹೋಗಲಿಲ್ಲ.

ದೀಪಾವಳಿ ಹತ್ತಿರವಾಯಿತು. ಮೀಟಿಂಗಿಗೆ ಮುಂಚಿನ ಸಂತೆಯ ದಿನ ಚಂದ್ರಣ್ಣನವರು ಖುದ್ದಾಗಿ ಬಂದು ನೋಡುತ್ತಾರೆ ಎಂದು ಬುಡೇನ್ ಸಾಬರು ಹೇಳಿದರು. ಅವತ್ತು ಶಾಲೆ ಬಿಟ್ಟ ಕೂಡಲೇ ಓಡಿಬಂದು ಕಾಯಿ ಜೋಡಿಸಿದೆ. ಯಾರಾದರೂ ಒಬ್ಬಳು ಬರಲಿ, ಒಬ್ಬಳೇ ಒಬ್ಬಳು ಬಂದರೆ ಸಾಕು, ಎಂದು ಗೊರವನಹಳ್ಳಿ ಲಕ್ಷ್ಮಮ್ಮನಿಗೆ ಹರಕೆ ಹೊತ್ತೆ. ಬೀದಿಯಲ್ಲಿ ಸಂತೆಯಿಂದ ಮರಳುವವರ ಸದ್ದು. ಗಾಡಿ, ಕುರಿ, ಹರಟೆ, ಎಲ್ಲವೂ ನಮ್ಮ ಬಾಗಿಲು ದಾಟಿಕೊಂಡು ಹೋಗುತ್ತಿತ್ತು. ಎದುರಿಗೆ ಖಾಲಿ ಮಣೆ. ಅಷ್ಟು ಒಂಟಿ ನಾನು ಆಮೇಲೆ ಯಾವತ್ತೂ ಆಗಿಲ್ಲ. ಗಂಡ ಹೋದ ದಿನವೂ ಮನೆ ತುಂಬ ಜನವಿದ್ದರು.

ಆಗ ನಡುಬಾಗಿಲಿನ ಚಿಲಕ ಸರಿದ ಸದ್ದಾಯಿತು. ಅಮ್ಮ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನೆದುರಿನ ಮಣೆಯ ಮೇಲೆ ಕೂತಳು.

"ಕರಿ ಕಾಯಿ ನಂಗೆ," ಎಂದಳು.

ಅವಳು ಸ್ಟ್ರೈಕರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಚಂದ್ರಣ್ಣನವರ ನೆರಳು ಬಿತ್ತು. ಅಮ್ಮ ಗಂಡಸರೆದುರು ಬರುವವಳೇ ಅಲ್ಲ. ಎದ್ದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ. ಚಂದ್ರಣ್ಣನವರು ಪಡಸಾಲೆಯನ್ನೆಲ್ಲ ಒಮ್ಮೆ ನೋಡಿದರು.

"ಏನ್ ತಾಯಿ, ಹೆಣ್ಮಕ್ಕಳು ಯಾರೂ ಕಾಣ್ತಿಲ್ವಲ್ಲ?"

"ನಿಮ್ಮ ಗಿರಿಜೆ ಎಲ್ಲವ್ಳೆ ಅಣ್ಣ, ಈಗ?" ಎಂದಳು ಅಮ್ಮ, ಬೋರ್ಡಿನಿಂದ ಕಣ್ಣೆತ್ತದೆ.

"ಮನೇಲವ್ಳೆ. ಚನ್ನರಾಯನದುರ್ಗದಿಂದ ನಮ್ಮ ಬಾವನೋರು ಬಂದವ್ರೆ ಸಂತೆಗೆ, ಅವರಿಗೆ ಇಕ್ತಾ..." ಎಂದವರು ಅಲ್ಲೇ ನಿಂತರು.

"ಎಲ್ಲಾರ ಮನೇಲೂ ಅಂಗೇ ಅಣ್ಣ. ಹುಡುಗ್ರಿಗೆ ಬ್ಯಾಡದ ದಿನ ನಮ್ಮೋರಿಗೆ ಕೊಟ್ರಿ. ಆ ದಿನ ಹುಡುಗೀರು ಬಂದ್ರೆ ನಿಮ್ಮ ನೆಂಟ್ರಿಗೆ ಮುದ್ದೆ ಯಾರು ಕಟ್ಟಬೇಕು?"

ಚಂದ್ರಣ್ಣನವರು ಟೋಪಿ ತೆಗೆದು ತಲೆ ಸವರಿಕೊಂಡರು, ಮತ್ತೆ ಹಾಕಿಕೊಂಡರು. "ನೀವು ಹೇಳೋದು ಸರಿಯಮ್ಮ," ಎಂದರು. ಹೊರಟುಹೋದರು.

"ಆಡು," ಎಂದಳು ಅಮ್ಮ. ನಾನು ಹೊಡೆದೆ, ಏನೂ ಬೀಳಲಿಲ್ಲ. ಅಮ್ಮ ಸ್ಟ್ರೈಕರನ್ನು ಗೆರೆಯ ಮೇಲೆ ಇಟ್ಟು, ಕಿರುಬೆರಳನ್ನು ಊರಿ, ಒಂದು ಕಣ್ಣು ಕಿರಿದು ಮಾಡಿ ಹೊಡೆದಳು. ಕರಿ ಕಾಯಿ ಮೂಲೆಗೆ ಬಿತ್ತು. ಇನ್ನೊಂದು ಹೊಡೆದಳು, ಅದೂ ಬಿತ್ತು. ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಮೂರನೆಯದು ತಪ್ಪಿತು. ತಪ್ಪಿದ ಕೂಡಲೇ ಅವಳು ನೆಲಕ್ಕೆ ಕೈಯೂರಿ ಎದ್ದು, ಬೋರ್ಡನ್ನು ಬಳಸಿಕೊಂಡು ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟುಬಿಟ್ಟಳು. ಅಲ್ಲಿ ನಾನು ಕೂತಿರುವುದು ಆಗ ಅವಳಿಗೆ ಕಂಡಿತು. ಏನೂ ಆಗದವಳ ಹಾಗೆ ಹಿಂದಕ್ಕೆ ಹೋಗಿ ಕೂತಳು. ಹೊಡೆದ ಮೇಲೆ ಎದ್ದು ಎದುರು ಕಡೆಗೆ ಹೋಗುವ ಆ ಅಭ್ಯಾಸ ಎಲ್ಲಿಂದ ಬರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ನಾನು ಶಾಲೆಗೆ ಹೋದ ಮೇಲೆ, ಬೀಗ ಹಾಕಿದ ಆ ಪಡಸಾಲೆಯಲ್ಲಿ, ಬಿಳಿ ಕಾಯಿಗೂ ಕರಿ ಕಾಯಿಗೂ ಅವಳೊಬ್ಬಳೇ ಆಡಿದ್ದಳು. ಅವತ್ತು ದೀಪ ಹಚ್ಚುವವರೆಗೂ ಆಡಿದೆವು. ಅಮ್ಮನೇ ಗೆದ್ದಳು.

ಮೀಟಿಂಗ್ ಆದ ಮರುದಿನ ಬುಡೇನ್ ಸಾಬರು ಹಿತ್ತಲ ಬಾಗಿಲಿಗೆ ಬಂದರು. ಹೆಣ್ಣುಮಕ್ಕಳ ದಿನ ಬಂದ್ ಆಯ್ತು ಬೇಟಿ, ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲ ಅಂತ ಬರೆದುಕೊಂಡರಂತೆ ಎಂದರು. ಚಂದ್ರಣ್ಣನವರು ಏನೂ ಹೇಳಲಿಲ್ಲವಾ ಎಂದು ಕೇಳಿದೆ. ಸಾಬರು ತಲೆಯಾಡಿಸಿದರು. ಬಾಯೇ ಬಿಡಲಿಲ್ಲವಂತೆ. ನಾನು ಅಡುಗೆಮನೆಗೆ ಹೋಗಿ ಅಳುತ್ತ ಕೂತೆ. ನಡುಬಾಗಿಲಿನ ಆಚೆ ಹುಡುಗರು ಆಗಲೇ ರಾಣಿಗಾಗಿ ಕೂಗಾಡುತ್ತಿದ್ದರು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನನಗೆ ಅಳುವಿನ ಜೊತೆ ಸಿಟ್ಟೂ ಬಂತು. ಒಂದೇ ಸೂರಿನಡಿ ಇಬ್ಬರೂ ಅಷ್ಟು ಕಾಲ ಒಬ್ಬೊಬ್ಬರೇ ಆಡಿದೆವಲ್ಲ!

"ನಿಂಗೆ ಆಟ ಬರೋದು ಯಾಕಮ್ಮ ಹೇಳ್ಲಿಲ್ಲ? ಚಂದ್ರಣ್ಣನೋರ ಹತ್ರ ನಂಗೆ ಅಂತ ಕೇಳಿದ್ನಲ್ಲ, ನಿಂಗೂ ಅಂತ ಕೇಳ್ತಿದ್ದೆ."

ಅಮ್ಮ ಸುಲಿದ ಕಾಳನ್ನು ಮೊರಕ್ಕೆ ಹಾಕಿದಳು.

"ನೀನು ಹುಡುಗಿ. ನಿಂಗೆ ಬ್ಯಾಡದ ದಿನನಾದ್ರೂ ಕೊಟ್ರು. ನನ್ನಂತೋರಿಗೆ ಯಾವ ದಿನ ಕೊಡ್ತಾರೆ, ಬುಡು."

ನನಗೆ ಆಗ ಅದು ಸರಿಯೆನಿಸಿತು. ಅಮ್ಮ ಅಮ್ಮನಲ್ಲವೇ, ಅವಳಿಗೇಕೆ ಆಟ ಎಂದುಕೊಂಡು ಸುಮ್ಮನಾದೆ. ಎಷ್ಟೋ ವರ್ಷಗಳ ಮೇಲೆ, ನನ್ನ ಮಗಳ ಮದುವೆಯ ಹೊತ್ತಿನಲ್ಲಿ, ಅಮ್ಮನ ಆಗಿನ ವಯಸ್ಸಿನ ಲೆಕ್ಕ ಹಾಕಿ ನೋಡಿದೆ. ಆ ಸಂಜೆ ಅವರೆಕಾಯಿ ಸುಲಿಯುತ್ತಿದ್ದ ನನ್ನ ಅಮ್ಮನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಗೋಡೆಯ ಆಚೆ ರಾಣಿ ಬಿತ್ತು ಎಂದು ಕೂಗುತ್ತಿದ್ದ ಯುವಕರಲ್ಲಿ ಅವಳಿಗಿಂತ ದೊಡ್ಡವರೂ ಇದ್ದರು.